ಒಂದೇ ರಾತ್ರಿಗೆ ಬೇರುಹುಳ ಕೊಲ್ಲುವ ‘ಜೈವಿಕ ಪುಡಿ’ಯವರನ್ನು ತೋಟದ ದಣಪೆ ದಾಟಿಸಬೇಡಿ

ಶಿರಸಿ ಕಡೆಯ ಅಡಿಕೆ ತೋಟದವರು ದಯವಿಟ್ಟು ಓದಿ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ನಮ್ಮ ತೋಟದ ಕೆಳತುದಿಯಲ್ಲಿ ಬೇರುಹುಳದ ಕಾಟ. ಮರ ಹಳದಿ ತಿರುಗಿದ್ದವು, ಬುಡ ಕೆದಕಿದರೆ ದಪ್ಪ ಬಿಳಿ ಹುಳ. ಚೌತಿಗೆ ನಾಲ್ಕು ದಿನ ಇರುವಾಗ ಬೈಕಿನಲ್ಲಿ ಒಬ್ಬ ಬಂದ. ‘ಮೆಟರೈಜಿಯಂ ಹೆಗಡೇರೇ, ಶಿಲೀಂಧ್ರ, ಪೂರ್ತಿ ಜೈವಿಕ’ ಅಂದ. ಕೆಜಿಗೆ 450 ರೂಪಾಯಿ, ಆರು ಕೆಜಿ ತಗೊಂಡೆ. ಬಿಲ್ ಕೇಳಿದರೆ ‘ಮುಂದಿನ ಸಲ ತರ್ತೇನೆ’. ಪುಡಿಗೆ ಮೂಗು ಉರಿಯುವ ಘಾಟು. ಆಗಲೇ ಎಚ್ಚರಾಗಬೇಕಿತ್ತು. ಆಗಲಿಲ್ಲ.

ಸಂಜೆ ನೀರಿಗೆ ಕದಡಿ ಬುಡಕ್ಕೆ ಹೊಯ್ದೆವು. ಬೆಳಿಗ್ಗೆ ಅಗೆದರೆ ಹುಳವೆಲ್ಲ ಸತ್ತಿವೆ! ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ವಾಟ್ಸಾಪ್ ಮಾಡಿದೆ. ಇಬ್ಬರು ನನ್ನಿಂದಲೇ ಅವನ ನಂಬರು ಇಸಿದುಕೊಂಡರು.

ಮಧ್ಯಾಹ್ನ ಅಣ್ಣನ ಮಗನ ಫೋನು, ತೋಟಗಾರಿಕೆ ಓದುತ್ತಿರುವವ. ‘ಅಪ್ಪಚ್ಚಿ, ನಿಜವಾದ ಮೆಟರೈಜಿಯಂ ಆದರೆ ಬೀಜಕಣ ಹುಳದ ಚರ್ಮಕ್ಕೆ ಅಂಟಿ, ಮೊಳೆತು, ಒಳಗೆ ಕೊರೆದು ಬೆಳೆಯಬೇಕು. ವಾರವೋ ಹೆಚ್ಚೋ ಬೇಕು. ಸತ್ತ ಹುಳ ಸೆಟೆದು, ಆಮೇಲೆ ಮೈಯೆಲ್ಲ ಹಸಿರು ಬೂಷ್ಟು. ನಿಮ್ಮ ಫೋಟೋದ ಹುಳ ಒಂದೇ ರಾತ್ರಿಗೆ ಸತ್ತು ಮೆತ್ತಗೆ ಬಿದ್ದಿದೆಯಲ್ಲ? ರಾಸಾಯನಿಕ ವಿಷ ಇರಬೇಕು. ಎರೆಹುಳ ನೋಡಿದ್ರಾ?’

ನೋಡಿರಲಿಲ್ಲ. ಓಡಿದೆ. ಹೊಯ್ದ ಬುಡಗಳ ಸುತ್ತ ಎರೆಹುಳಗಳು ಮೇಲೆ ಬಂದು ಸತ್ತು ಬಿದ್ದಿದ್ದವು. ಬೊಗಸೆಗಟ್ಟಲೆ. ಹದಿನೈದು ವರ್ಷದಿಂದ ಈ ತೋಟಕ್ಕೆ ವಿಷ ತಂದವನಲ್ಲ ನಾನು. ನನ್ನ ಕೈಯಾರೆ ಹೊಯ್ದೆ. ದುಡ್ಡು ಕೊಟ್ಟು ಹೊಯ್ದೆ. ನಾವು ಕುಡಿಯುವ ಬಾವಿ ಇರುವುದು ಅದೇ ತುದಿಯಲ್ಲಿ! ಪಕ್ಕದಲ್ಲಿ ನಿಂತಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು.

ಅವನಿಗೆ ಫೋನ್ ಮಾಡಿದೆ. ಮೊದಲು, ‘ಎರೆಹುಳ ಮಳೆಗೆ ಸತ್ತಿರ್ತವೆ’. ಆಮೇಲೆ, ‘ನಮ್ಮದು ಹೊಸ ಟೆಕ್ನಾಲಜಿ, ಫಾಸ್ಟ್’. ಎಂಥ ಹೊಸದು ಮಾರಾಯ? 1879ರಲ್ಲೇ ಮೆಚ್ನಿಕಾಫ್ ಎಂಬ ವಿಜ್ಞಾನಿ ಗೋಧಿ ತಿನ್ನುವ ದುಂಬಿಯ ಹುಳಗಳಲ್ಲಿ ಇದೇ ಶಿಲೀಂಧ್ರ ಕಂಡಿದ್ದನಂತೆ, ಆಗಿಂದ ಅದು ಕೊಲ್ಲುವ ರೀತಿ ಒಂದೇ. ಕೊನೆಗೆ ಅವನು ಅಂದದ್ದು: ‘ಹೆಗಡೇರೇ, ಹುಳ ಸತ್ತಿತೋ ಇಲ್ಲವೋ? ಮತ್ತೇನು ಬೇಕು ನಿಮಗೆ?’

ಈ ಮಾತು ಇನ್ನೂ ಕಿವಿಯಲ್ಲಿದೆ.

ಪೊಟ್ಟಣ ತಿರುಗಿಸಿ ನೋಡಿದೆ (ಈಗ!). ಎಲೆಯ ಚಿತ್ರ, ‘ಸಾವಯವ’ ಎಂಬ ದೊಡ್ಡ ಅಕ್ಷರ, ಅಷ್ಟೇ. ನೋಂದಣಿ ಸಂಖ್ಯೆ ಇಲ್ಲ, ಒಂದು ಗ್ರಾಂ ಪುಡಿಯಲ್ಲಿ ಎಷ್ಟು ಸಿಎಫ್‌ಯು (ಬೆಳೆಯಬಲ್ಲ ಜೀವಂತ ಬೀಜಕಣಗಳ ಲೆಕ್ಕ) ಅಂತ ಇಲ್ಲ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಯಾವುದೂ ಇಲ್ಲ. ಇವಿಲ್ಲದ್ದನ್ನು ಮುಟ್ಟಬೇಡಿ. ಬಿಲ್ ಕೊಡದವನಿಗೆ ಚಹಾ ಕೂಡ ಕೊಡಬೇಡಿ, ನಾನು ಕೊಟ್ಟಿದ್ದೆ, ತೊಡೆದೇವಿನ ಜೊತೆ. ಉಳಿದ ಪುಡಿಯನ್ನು ಕಟ್ಟಿಟ್ಟಿದ್ದೇನೆ, ಕೀಟನಾಶಕ ಪರಿವೀಕ್ಷಕರಿಗೆ ಕೊಡುವವನಿದ್ದೇನೆ.

ನಂಬರು ತಗೊಂಡ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಇನ್ನೂ ಹಾಕಿಲ್ಲ. ಇನ್ನೊಬ್ಬರು ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ.