ಎಂಟು ಮಿಲಿಮೀಟರಿನ ಲೆಕ್ಕ: ಟೆಕ್ನಿಕ್ ಬಿಡಿಭಾಗಗಳೊಂದಿಗೆ ಏಳು ವರ್ಷ

ನನ್ನ ಬಳಿ ಈಗ ಇರುವ, ಗಿಯರು ಆ್ಯಕ್ಸಲ್‌ಗಳಿಂದ ಚಲಿಸುವ ಮಾದರಿಗಳನ್ನು ಕಟ್ಟುವ ಲೆಗೋ ಟೆಕ್ನಿಕ್ ಆಟಿಕೆಯ ಬಿಡಿಭಾಗಗಳಲ್ಲಿ ಯಾವುದು ಯಾವ ಸೆಟ್‌ನಿಂದ ಬಂದದ್ದೆಂದು ಹೇಳಲು ನನಗೇ ಸಾಧ್ಯವಿಲ್ಲ. ಏಳು ವರ್ಷಗಳ ಹಿಂದೆ ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಜೋಡಿಸಿ ಕಪಾಟಿನಲ್ಲಿಟ್ಟಿದ್ದ ಮೊದಲ ಕಾರನ್ನು ಮೂರೇ ತಿಂಗಳಿಗೆ ಬಿಚ್ಚಿದೆ. ಅದರ ಬೀಮ್‌ಗಳು, ಅಂದರೆ ಸಾಲು ರಂಧ್ರಗಳಿರುವ ಪಟ್ಟಿಗಳು, ಮೊದಲು ಒಂದು ಕ್ರೇನಿನ ತೋಳಾದವು, ಆಮೇಲೆ ಟ್ರ್ಯಾಕ್ಟರಿನ ಚೌಕಟ್ಟಾದವು, ಈಗ ಆರು ಗಾಲಿಯ ಟ್ರಕ್ಕೊಂದರ ಹೊಟ್ಟೆಯಲ್ಲಿ ಯಾರಿಗೂ ಕಾಣದಂತೆ ಕುಳಿತಿವೆ. ಪೆಟ್ಟಿಗೆ ತೆರೆದ ವಾರದಲ್ಲೇ ಬರೆಯುವ ವಿಮರ್ಶೆಗಳು ಸಾಮಾನ್ಯವಾಗಿ ಮಾದರಿಯ ಅಂದವನ್ನೂ ಸ್ಟಿಕ್ಕರುಗಳನ್ನೂ ಸೂಚನಾ ಪುಸ್ತಕವನ್ನೂ ತೂಗಿ ನೋಡುತ್ತವೆ. ನಾನು ತೂಗಲು ಹೊರಟಿರುವುದು ಬೇರೆಯದನ್ನು: ತನ್ನದೇ ವಿನ್ಯಾಸದ ವಾಹನಗಳನ್ನು ಕಟ್ಟಬೇಕೆನ್ನುವವನಿಗೆ ಈ ವ್ಯವಸ್ಥೆ ಎಲ್ಲಿಯವರೆಗೆ ಒದಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು.

ಇದರ ನಿಜವಾದ ಗುಣವಿರುವುದು ಅಳತೆಯಲ್ಲಿ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಹುಟ್ಟಿದ ಈ ಕಂಪನಿ ಇಂದಿನ ಇಟ್ಟಿಗೆಗೆ ಪೇಟೆಂಟ್ ಕೋರಿದ್ದು 1958ರಲ್ಲಿ. ಬದಿಯಲ್ಲಿ ರಂಧ್ರಗಳಿರುವ ಈ ಯಾಂತ್ರಿಕ ಸರಣಿ ಬಂದದ್ದು 1977ರಲ್ಲಿ. ಆ ವರ್ಷದ ಕಾರಿನ ಚಾಸಿಯಲ್ಲೇ ಮೇಲೆ ಕೆಳಗೆ ಆಡುವ ಪಿಸ್ಟನ್‌ಗಳೂ ಕೆಲಸ ಮಾಡುವ ಸ್ಟೀರಿಂಗೂ ಇದ್ದವು. ಅಂದಿನಿಂದ ಇಂದಿನವರೆಗೆ ಅಕ್ಕಪಕ್ಕದ ಎರಡು ರಂಧ್ರಗಳ ನಡುವಿನ ದೂರ 8 ಮಿಲಿಮೀಟರ್. ಗಿಯರುಗಳ ಲೆಕ್ಕವೂ ಇದಕ್ಕೇ ಹೊಂದಿಕೊಂಡಿದೆ: ಗಿಯರಿಗೆ ಎಷ್ಟು ಹಲ್ಲುಗಳೋ ಅದರ ಪರಿಣಾಮಕಾರಿ ವ್ಯಾಸ ಅಷ್ಟೇ ಮಿಲಿಮೀಟರ್. 8 ಹಲ್ಲಿನ ಗಿಯರನ್ನು 24 ಹಲ್ಲಿನದಕ್ಕೆ ಕೂಡಿಸಿದರೆ ಅವುಗಳ ಕೇಂದ್ರಗಳ ನಡುವೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ರಂಧ್ರಗಳ ದೂರ ಇರುತ್ತದೆ. ಎರಡು 16 ಹಲ್ಲಿನ ಗಿಯರುಗಳಿಗೂ, 12 ಮತ್ತು 20ರ ಜೋಡಿಗೂ ಅದೇ ದೂರ. ಹೀಗಾಗಿ ಆ್ಯಕ್ಸಲ್‌ಗಳನ್ನು ಕದಲಿಸದೆ ಬೇರೆ ಬೇರೆ ಅನುಪಾತಗಳನ್ನು ಒಂದೇ ಎರಡು ಆ್ಯಕ್ಸಲ್‌ಗಳ ಮೇಲೆ ಸಾಲಾಗಿ ಕೂರಿಸಬಹುದು; ಗಿಯರ್‌ಬಾಕ್ಸ್ ಎಂಬುದು ಸಾಧ್ಯವಾಗುವುದೇ ಇದರಿಂದ. ಆದರೆ ಎರಡು 20 ಹಲ್ಲಿನ ಗಿಯರುಗಳು ಬೇಡುವ ದೂರ 20 ಮಿಲಿಮೀಟರ್, ಎಂದರೆ ಎರಡೂವರೆ ರಂಧ್ರ. ನೇರ ಬೀಮ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಈ ಕೂಡುವ ಲೆಕ್ಕ ತಿಳಿಯದೆ ಒಂದು ಇಡೀ ಸಂಜೆ ಆ ಎರಡನ್ನು ಎರಡು ರಂಧ್ರಗಳ ನಡುವೆ ತುರುಕಲು ಹೋಗಿ, ಅವು ಕೂರದಿದ್ದಾಗ ಬಿಡಿಭಾಗವೇ ಸರಿಯಿಲ್ಲವೆಂದು ದೂರಿದವನು ನಾನು.

ಹಳೆಯ ಇಟ್ಟಿಗೆಗಳೊಂದಿಗೆ ಬೆರೆಸಿ ಕಟ್ಟುವವರಿಗೆ ಇನ್ನೊಂದು ಲೆಕ್ಕ ಬೇಕಾಗುತ್ತದೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ಪ್ಲೇಟಿನದು 3.2. ರಂಧ್ರವಿರುವ ಎರಡು ಇಟ್ಟಿಗೆಗಳ ನಡುವೆ ಎರಡು ಪ್ಲೇಟುಗಳನ್ನು ಇಟ್ಟರೆ ಮೇಲಿನ ರಂಧ್ರಕ್ಕೂ ಕೆಳಗಿನ ರಂಧ್ರಕ್ಕೂ 16 ಮಿಲಿಮೀಟರ್ ಅಂತರ ಬರುತ್ತದೆ. ಆಗ ಲಂಬವಾಗಿ ನಿಲ್ಲಿಸಿದ ಬೀಮ್‌ನ ರಂಧ್ರಗಳು ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತವೆ.

ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ನನ್ನ ಮೊದಲ ಟ್ರಕ್ಕಿನಲ್ಲಿ ಮೋಟಾರನ್ನು ಮುಂದೆ ಇಟ್ಟು, ಅದರ ಪಕ್ಕದಲ್ಲೇ 8 ಹಲ್ಲಿನ ಗಿಯರಿನಿಂದ 24 ಹಲ್ಲಿನದಕ್ಕೆ ಎರಡು ಸಲ ವೇಗ ಇಳಿಸಿ, ಒಂಬತ್ತು ಪಟ್ಟು ಹೆಚ್ಚಿದ ತಿರುಚುಬಲವನ್ನು ಉದ್ದನೆಯ ಒಂದೇ ಆ್ಯಕ್ಸಲ್‌ನ ಮೂಲಕ ಹಿಂದಿನ ಗಾಲಿಗಳಿಗೆ ಕಳಿಸಿದ್ದೆ. ಸಮತಟ್ಟಾದ ನೆಲದ ಮೇಲೆ ಅದು ಗಂಭೀರವಾಗಿ ಓಡಾಡಿತು. ಪುಸ್ತಕಗಳನ್ನು ಪೇರಿಸಿ ಮಾಡಿದ ಏರಿನ ಮೇಲೆ ಅರ್ಧ ಹತ್ತಿ ನಿಂತುಬಿಟ್ಟಿತು. ಮೋಟಾರು ಮಾತ್ರ ತಿರುಗುತ್ತಲೇ ಇತ್ತು. ಕೆಳಗೆ ಬಗ್ಗಿ ನೋಡಿದಾಗ ಶಿಲುಬೆಯಾಕಾರದ ಆ್ಯಕ್ಸಲ್‌ನ ನಾಲ್ಕು ಏಣುಗಳು ಹಗ್ಗದ ಹುರಿಯಂತೆ ಸುತ್ತಿಕೊಂಡಿದ್ದವು, ಮರುಕ್ಷಣದಲ್ಲೇ ಹಿಂದಿನ ಗಿಯರುಗಳ ಹಲ್ಲುಗಳು ಟಕಟಕ ಎಂದು ಜಾರತೊಡಗಿದವು. ಮೋಟಾರನ್ನು ನಿಲ್ಲಿಸಿದ ಮೇಲೂ ಆ್ಯಕ್ಸಲ್ ಪೂರ್ತಿ ನೆಟ್ಟಗಾಗಲಿಲ್ಲ. ಗಿಯರಿನೊಳಗಿಂದ ಅದನ್ನು ಎಳೆದು ತೆಗೆಯಲು ಇಕ್ಕಳ ಬೇಕಾಯಿತು.

ತಪ್ಪು ಆ್ಯಕ್ಸಲ್‌ನದಲ್ಲ, ನನ್ನದು. ವೇಗವನ್ನು ಇಳಿಸುವ ಕೆಲಸವನ್ನು ಆದಷ್ಟು ಗಾಲಿಯ ಹತ್ತಿರ ಇಡಬೇಕು ಎಂಬುದು ಈ ಹವ್ಯಾಸದಲ್ಲಿ ನಾನು ಕಲಿತ ಅತಿ ಉಪಯುಕ್ತ ವಿಷಯ. ಅದೇ ಎರಡು ಇಳಿಕೆಗಳಲ್ಲಿ ಒಂದನ್ನು ಮೋಟಾರಿನ ಬಳಿ ಬಿಟ್ಟು ಇನ್ನೊಂದನ್ನು ಹಿಂದಿನ ಗಾಲಿಗಳ ಬದಿಗೆ ಸಾಗಿಸಿದಾಗ ಗಾಲಿಗೆ ಸಿಗುವ ಬಲ ಅಷ್ಟೇ ಉಳಿಯಿತು, ಆದರೆ ನಡುವಿನ ಉದ್ದನೆಯ ಆ್ಯಕ್ಸಲ್ ಹೊರಬೇಕಾದ ಹೊರೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅದೇ ಟ್ರಕ್, ಅದೇ ಮೋಟಾರ್, ಅದೇ ಪುಸ್ತಕಗಳ ಏರು. ಈ ಸಲ ಹತ್ತಿತು. ಗಾಲಿಯೊಳಗೇ ವೇಗ ಇಳಿಸುವ ಪ್ಲಾನೆಟರಿ ಗಿಯರುಗಳಿರುವ ಹಬ್‌ಗಳು ದೊಡ್ಡ ವಾಹನ ಕಟ್ಟುವವರಿಗೆ ಅಚ್ಚುಮೆಚ್ಚಾಗಿರುವುದು ಇದೇ ಕಾರಣಕ್ಕೆ.

ಹಲ್ಲು ಜಾರುವುದಕ್ಕೆ ಬೇರೆಯೇ ಕಾರಣವಿದೆ. ಗಿಯರುಗಳು ಒಂದನ್ನೊಂದು ತಿರುಗಿಸುವಾಗಲೇ ಒಂದನ್ನೊಂದು ದೂರ ತಳ್ಳುತ್ತವೆ, ಚೌಕಟ್ಟು ಅರ್ಧ ಮಿಲಿಮೀಟರ್ ಬಾಗಿದರೂ ಹಿಡಿತ ತಪ್ಪುತ್ತದೆ. ಆದ್ದರಿಂದ ಹೊರೆ ಬೀಳುವ ಪ್ರತಿಯೊಂದು ಗಿಯರಿನ ಎರಡೂ ಬದಿಯಲ್ಲಿ ಬೀಮ್ ಇರಲೇಬೇಕು, ಆ ಎರಡು ಬೀಮ್‌ಗಳನ್ನು ಅಡ್ಡಲಾಗಿ ಕಟ್ಟಲೂಬೇಕು. ಯಾವುದಾದರೂ ಜಾರುವುದೇ ಆಗಿದ್ದರೆ ಅದಕ್ಕೆಂದೇ ಮಾಡಿದ ಭಾಗ ಜಾರಲಿ: 24 ಹಲ್ಲಿನ ಬಿಳಿಯ ಕ್ಲಚ್ ಗಿಯರಿನ ಮೈಮೇಲೆ 2.5ರಿಂದ 5 ನ್ಯೂಟನ್ ಸೆಂಟಿಮೀಟರ್ ಎಂಬ ತಿರುಚುಬಲದ ಮಿತಿಯನ್ನು ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಹೆಚ್ಚು ಬಲ ಬಿದ್ದರೆ ಅದು ಒಳಗೊಳಗೇ ಜಾರಿ ಉಳಿದೆಲ್ಲವನ್ನೂ ಕಾಪಾಡುತ್ತದೆ. ಸ್ಟೀರಿಂಗ್ ಕೊನೆಯಂಚಿಗೆ ತಾಗುವ ಕಡೆಗಳಲ್ಲಿ ನಾನು ಈಗ ಇದನ್ನು ತಪ್ಪದೆ ಹಾಕುತ್ತೇನೆ.

ಚೌಕಟ್ಟನ್ನು ಬಿಗಿಗೊಳಿಸಲು ತ್ರಿಕೋನಕ್ಕಿಂತ ಉತ್ತಮ ಉಪಾಯವಿಲ್ಲ. 3, 4, 5ರ ಲಂಬಕೋನ ತ್ರಿಕೋನ ಶಾಲೆಯಿಂದಲೇ ಎಲ್ಲರಿಗೂ ಗೊತ್ತು, ಆದರೆ 3, 4, 5 ರಂಧ್ರಗಳಷ್ಟು ಎಣಿಸಿ ಜೋಡಿಸಲು ಹೋದರೆ ಮೂಲೆಗಳು ಕೂಡುವುದಿಲ್ಲ. ಎಣಿಸಬೇಕಾದದ್ದು ರಂಧ್ರಗಳನ್ನಲ್ಲ, ರಂಧ್ರಗಳ ನಡುವಿನ ಅಂತರಗಳನ್ನು. ಹಾಗಾಗಿ ಬದಿಗಳಲ್ಲಿ 4, 5 ಮತ್ತು 6 ರಂಧ್ರಗಳು ಬರಬೇಕು.

ಡಿಫರೆನ್ಶಿಯಲ್ ಬಗ್ಗೆ ಆರಂಭದಲ್ಲಿ ನನಗಿದ್ದ ಮೋಹ ಈಗಿಲ್ಲ. ತಿರುವಿನಲ್ಲಿ ಹೊರಗಾಲಿಯನ್ನು ಒಳಗಾಲಿಗಿಂತ ಬೇಗ ಓಡಲು ಬಿಡುವ ಅದರ ಕೆಲಸವನ್ನು ಕೈಯಲ್ಲಿ ಹಿಡಿದು ನೋಡುವುದು ಒಂದು ಸುಖವೇ ಸರಿ. ಒಂದು ಗಾಲಿಯನ್ನು ಬೆರಳಿನಿಂದ ಹಿಡಿದರೆ ಇನ್ನೊಂದು ಇಮ್ಮಡಿ ವೇಗದಲ್ಲಿ ಸುತ್ತುತ್ತದೆ. ಆದರೆ ಅದು ಎರಡೂ ಗಾಲಿಗಳಿಗೆ ಸಮಾನ ಬಲವನ್ನಷ್ಟೇ ಹಂಚಬಲ್ಲದು. ಉಬ್ಬುತಗ್ಗಿನಲ್ಲಿ ಒಂದು ಗಾಲಿ ಗಾಳಿಯಲ್ಲಿ ತೂಗಾಡತೊಡಗಿದರೆ ನೆಲದ ಮೇಲಿರುವುದಕ್ಕೂ ಏನೂ ಸಿಗದೆ ವಾಹನ ನಿಂತಲ್ಲೇ ನಿಲ್ಲುತ್ತದೆ. ಕಲ್ಲುಮಣ್ಣಿನ ಮೇಲೆ ಓಡಬೇಕಾದ ಮಾದರಿಗೆ ಅದನ್ನು ಹಾಕದಿರುವುದು ಅಥವಾ ಲಾಕ್ ಮಾಡುವ ಏರ್ಪಾಡು ಇಡುವುದು ಲೇಸು. ಓರೆಯಾದ ಎರಡು ಆ್ಯಕ್ಸಲ್‌ಗಳನ್ನು ಕೂಡಿಸುವ ಯೂನಿವರ್ಸಲ್ ಜಾಯಿಂಟಿನದೂ ಇಂಥದೇ ಇನ್ನೊಂದು ಕಥೆ: ಓರೆಯಾಗಿ ನಿಂತ ಒಂದೇ ಜಾಯಿಂಟ್ ಪ್ರತಿ ಸುತ್ತಿನಲ್ಲೂ ವೇಗವನ್ನು ಏರಿಸಿ ಇಳಿಸುತ್ತದೆ, ಎರಡನ್ನು ಒಂದೇ ಹಂತದಲ್ಲಿ ಸಮಾನ ಓರೆಯೊಂದಿಗೆ ಇಟ್ಟರೆ ಒಂದರ ದೋಷವನ್ನು ಇನ್ನೊಂದು ಕಳೆಯುತ್ತದೆ. ನಡುವಿನ ಆ್ಯಕ್ಸಲನ್ನು ಕಾಲು ಸುತ್ತು ತಪ್ಪಾಗಿ ಸಿಕ್ಕಿಸಿದರೆ ದೋಷ ಕಳೆಯುವ ಬದಲು ಇಮ್ಮಡಿಯಾಗುತ್ತದೆ. ನನ್ನ ಟ್ರ್ಯಾಕ್ಟರು ಕುಂಟುತ್ತಾ ನಡೆಯುತ್ತಿದ್ದುದಕ್ಕೆ ಇದೇ ಕಾರಣವೆಂದು ತಿಳಿಯಲು ಬಹಳ ದಿನ ಹಿಡಿಯಿತು.

ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಅಭ್ಯಾಸ ನನಗೆ ಮೂರನೆಯ ವರ್ಷದಲ್ಲಿ ಬಂತು. 1995ರಲ್ಲಿ ಜೇಮ್ಸ್ ಜೆಸ್ಸಿಮನ್ ಆರಂಭಿಸಿದ ಎಲ್‌ಡ್ರಾ ಎಂಬ ಉಚಿತ ವ್ಯವಸ್ಥೆ ಈ ಬಗೆಯ ತಂತ್ರಾಂಶಗಳಿಗೆಲ್ಲ ಹಾದಿ ಹಾಕಿಕೊಟ್ಟಿತು. ನಾನು ಬಳಸುವುದು ಲೆಗೋ ಬಿಡಿಭಾಗಗಳ ಮಾರಾಟ ತಾಣವಾದ ಬ್ರಿಕ್‌ಲಿಂಕ್‌ನ ಸ್ಟುಡಿಯೋ. ಒಂದರೊಳಗೊಂದು ತೂರಿದ ಭಾಗಗಳನ್ನು ಅದು ತೋರಿಸಿಕೊಡುತ್ತದೆ, ಬೇಕಾದ ಭಾಗಗಳ ಪಟ್ಟಿಯನ್ನು ಬಣ್ಣ ಸಮೇತ ಕೊಡುತ್ತದೆ, ಕಟ್ಟುವ ಹಂತಗಳ ಸೂಚನೆಯನ್ನೂ ಅದರಲ್ಲೇ ತಯಾರಿಸಬಹುದು. ಸಸ್ಪೆನ್ಷನ್ನಿನ ತೋಳು ಮೇಲೇರಿದಾಗ ಟಯರು ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ಬೀಮ್‌ಗಳನ್ನು ಕೂಡಿಸುವ ಒಂದು ಪಿನ್ನನ್ನೂ ಕೊಳ್ಳುವ ಮೊದಲೇ ತಿಳಿಯುವುದು ಸಣ್ಣ ಅನುಕೂಲವಲ್ಲ. ಆದರೆ ಪರದೆಯ ಮೇಲೆ ಆ್ಯಕ್ಸಲ್ ತಿರುಚಿಕೊಳ್ಳುವುದಿಲ್ಲ, ಬೀಮ್ ಬಾಗುವುದಿಲ್ಲ, ಗಿಯರುಗಳ ನಡುವಿನ ಸಡಿಲ ಒಂದಕ್ಕೊಂದು ಕೂಡಿಕೊಂಡು ಸ್ಟೀರಿಂಗನ್ನು ಹಾಳುಗೆಡಹುವುದೂ ಇಲ್ಲ. ಇನ್ನೂ ಮುಖ್ಯವಾಗಿ, ನಾಲ್ಕು ಗೋಡೆಗಳ ನಡುವಿನ ಪಿನ್ನಿಗೆ ಬೆರಳು ತಲುಪುತ್ತದೆಯೇ ಎಂಬುದನ್ನು ಅದು ಹೇಳಲಾರದು. ಪರದೆಯ ಮೇಲೆ ಸಂಪೂರ್ಣವಾಗಿ ಮುಗಿದಿದ್ದ ನನ್ನ ಒಂದು ಗಿಯರ್‌ಬಾಕ್ಸನ್ನು ಕೈಯಲ್ಲಿ ಯಾವ ಕ್ರಮದಲ್ಲಿ ಜೋಡಿಸಲು ಹೋದರೂ ಕೊನೆಗೊಂದು ಭಾಗ ಹೊರಗೇ ಉಳಿಯುತ್ತಿತ್ತು. ಈಗ ನಾನು ಗಿಯರ್‌ಬಾಕ್ಸು, ಸ್ಟೀರಿಂಗು, ಸಸ್ಪೆನ್ಷನ್ನುಗಳನ್ನು ಮೊದಲು ಕೈಯಲ್ಲೇ ಕಟ್ಟಿ, ಕೆಲಸ ಮಾಡಿದ ಮೇಲೆ ಪರದೆಗೆ ಏರಿಸುತ್ತೇನೆ. ಹೊರಮೈಯನ್ನು ಮಾತ್ರ ಪರದೆಯಲ್ಲೇ ಆರಂಭಿಸುತ್ತೇನೆ.

ಬಾಳಿಕೆಯ ವಿಷಯ ಹೇಳುವುದಾದರೆ, ಬೀಮ್‌ಗಳು ಏಳು ವರ್ಷಗಳಲ್ಲಿ ಗೀರು ಬಿದ್ದದ್ದನ್ನು ಬಿಟ್ಟರೆ ಹಾಗೆಯೇ ಇವೆ. ಘರ್ಷಣೆಯಿರುವ, ಅಂದರೆ ರಂಧ್ರದಲ್ಲಿ ಸರಾಗವಾಗಿ ತಿರುಗದ, ಕಪ್ಪು ಪಿನ್‌ಗಳು ನೂರಾರು ಸಲ ಹಾಕಿ ತೆಗೆದ ಮೇಲೆ ಸ್ವಲ್ಪ ಸಡಿಲವಾಗುತ್ತವೆ, ಅವನ್ನು ಹೊರೆಯಿಲ್ಲದ ಜಾಗಗಳಿಗೆ ಮೀಸಲಿಡುತ್ತೇನೆ. ಹೊಂದಾಣಿಕೆಯಾಗುತ್ತದೆಂಬ ಭರವಸೆಯೊಂದಿಗೆ ಬರುವ ಬೇರೆ ತಯಾರಕರ ಭಾಗಗಳನ್ನೂ ಕೊಂಡು ನೋಡಿದ್ದೇನೆ. ಪ್ಯಾನೆಲ್‌ಗಳಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ, ಗಿಯರುಗಳಲ್ಲಿ ಕಂಡಿತು: ಒಂದು ಕಂತಿನಲ್ಲಿ ಬಂದ ಗಿಯರುಗಳ ನಟ್ಟನಡುವೆ ಇರುವ ಆ್ಯಕ್ಸಲ್ ರಂಧ್ರ ಎಷ್ಟು ಬಿಗಿಯಾಗಿತ್ತೆಂದರೆ ಒಳಗೆ ಹೋದ ಆ್ಯಕ್ಸಲ್ ಮತ್ತೆ ಹೊರಗೆ ಬರಲಿಲ್ಲ. ಬಿಡಿಭಾಗ ಮಾರುವ ಒಬ್ಬರಂತೂ ಘರ್ಷಣೆಯಿಲ್ಲದ ಪಿನ್ ಕೇಳಿದರೆ ಘರ್ಷಣೆಯುಳ್ಳದ್ದನ್ನು ಕಳಿಸಿದರು. ನೋಡಲು ಬಣ್ಣ ಬಿಟ್ಟರೆ ಎರಡೂ ಬಹುತೇಕ ಒಂದೇ, ಆದರೆ ಸಸ್ಪೆನ್ಷನ್ನಿನ ಕೀಲಿಗೆ ಹಾಕಿದಾಗ ಟ್ರಕ್ಕು ಕುಗ್ಗಿದಲ್ಲೇ ಕುಳಿತಿತು, ಮೇಲೇಳಲಿಲ್ಲ. ಗಿಯರು ಮತ್ತು ಪಿನ್‌ಗಳ ವಿಷಯದಲ್ಲಿ ಉಳಿತಾಯ ನೋಡಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಮೋಟಾರುಗಳಲ್ಲಿ ಎರಡು ಪೀಳಿಗೆಗಳನ್ನು ಬಳಸಿದ್ದೇನೆ. 2007ರಲ್ಲಿ ಬಂದ ಪವರ್ ಫಂಕ್ಷನ್ಸ್ ವ್ಯವಸ್ಥೆ ಇನ್‌ಫ್ರಾರೆಡ್ ರಿಮೋಟಿನದು. ಕೋಣೆಯೊಳಗೆ ಅದಕ್ಕೆ ಸಾಟಿಯಿಲ್ಲ, ಬಿಸಿಲಿಗೆ ಹೋದರೆ ಸಂಕೇತ ತಲುಪುವುದು ಕಷ್ಟ. ಮುಂದಿನ ಪೀಳಿಗೆಯ ಬ್ಲೂಟೂತ್ ಮೋಟಾರುಗಳು ತಾವು ಎಷ್ಟು ತಿರುಗಿದ್ದೇವೆಂಬುದನ್ನು ಅವನ್ನು ನಿಯಂತ್ರಿಸುವ ಪೆಟ್ಟಿಗೆಗೆ (ಇದನ್ನೂ ಹಬ್ ಎನ್ನುತ್ತಾರೆ) ತಿಳಿಸಬಲ್ಲವು, ಸ್ಟೀರಿಂಗ್ ನಡುವಿಗೆ ಮರಳುವುದು ಸುಲಭ. ಆದರೂ ವಾಹನ ಓಡಿಸಲು ಫೋನ್ ಕೈಯಲ್ಲಿ ಹಿಡಿಯಬೇಕಾಗುವ ಏರ್ಪಾಡು ನನಗೆ ಒಗ್ಗಿಲ್ಲ. ಗಾಜಿನ ಪರದೆಯ ಮೇಲೆ ಬೆರಳು ಎಲ್ಲಿದೆ ಎಂದು ನೋಡುತ್ತಿದ್ದರೆ ಟ್ರಕ್ಕನ್ನು ನೋಡುವವರು ಯಾರು? ನನ್ನ ಹೆಚ್ಚಿನ ಮಾದರಿಗಳಿಗೆ ಮೋಟಾರೇ ಇಲ್ಲ, ಮೇಲಿನ ಒಂದು ಗಿಯರನ್ನು ಬೆರಳಿನಿಂದ ತಿರುಗಿಸಿದರೆ ಸಾಕು. ಬಲ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂಬುದು ಬೆರಳಿಗೆ ತಿಳಿಯುವಂತೆ ಮೋಟಾರಿಗೆ ತಿಳಿಯುವುದಿಲ್ಲ.

ಯಾವ ಸೆಟ್ ಕೊಳ್ಳಬೇಕೆಂದು ಕೇಳುವವರಿಗೆ ನಾನು ಭಾಗಗಳ ಸಂಖ್ಯೆಯನ್ನು ನೋಡಬೇಡಿ ಎನ್ನುತ್ತೇನೆ. 1994ರ 8880 ಸಂಖ್ಯೆಯ ಸೂಪರ್ ಕಾರಿನಲ್ಲಿ 1300ಕ್ಕೂ ಸ್ವಲ್ಪ ಹೆಚ್ಚು ಭಾಗಗಳಿದ್ದವು. ಅಷ್ಟರಲ್ಲೇ ನಾಲ್ಕು ಗಾಲಿಗಳಿಗೂ ಚಾಲನೆ, ನಾಲ್ಕಕ್ಕೂ ಸ್ಟೀರಿಂಗ್, ನಾಲ್ಕು ವೇಗದ ಗಿಯರ್‌ಬಾಕ್ಸ್ ಎಲ್ಲವೂ ಸೇರಿದ್ದವು. 2018ರ ಬುಗಾಟಿ ಶಿರಾನ್‌ನಲ್ಲಿ 3599 ಭಾಗಗಳಿವೆ, ಎಂಟು ವೇಗದ ಅದರ ಗಿಯರ್‌ಬಾಕ್ಸ್ ಮೆಚ್ಚತಕ್ಕದ್ದೇ. ಆದರೂ ಅದರ ಬಹುಪಾಲು ಮೈಮಾಟಕ್ಕೆ ಸಂದಿದೆ. ಸ್ವಂತವಾಗಿ ಕಟ್ಟುವವನಿಗೆ ಬಾಗಿದ ಪ್ಯಾನೆಲ್‌ಗಳು ಒದಗುವುದು ಕಡಿಮೆ. ಕ್ರೇನು, ಅಗೆಯುವ ಯಂತ್ರ, ಟ್ರಕ್ಕುಗಳ ಮಧ್ಯಮ ಗಾತ್ರದ ಸೆಟ್‌ಗಳಲ್ಲಿ ಬೀಮ್, ಗಿಯರ್, ಕನೆಕ್ಟರ್‌ಗಳ ಪಾಲು ಹೆಚ್ಚಿರುತ್ತದೆ. ಅವುಗಳಲ್ಲಿ ಎರಡು ಕೊಂಡು, ಒಮ್ಮೆ ಸೂಚನೆಯಂತೆ ಕಟ್ಟಿ, ಬಿಚ್ಚಿ, ಆಮೇಲೆ ಕಡಿಮೆ ಬಿದ್ದ ಗಿಯರುಗಳನ್ನಷ್ಟೇ ಬಿಡಿಯಾಗಿ ತರಿಸಿಕೊಳ್ಳುವುದು ನಾನು ಈಗ ಅನುಸರಿಸುವ ದಾರಿ.

ಆರು ಗಾಲಿಯ ಟ್ರಕ್ಕು ಇನ್ನೂ ಮುಗಿದಿಲ್ಲ. ಅದರ ಗಿಯರ್‌ಬಾಕ್ಸ್ ಒಂದರಿಂದ ಎರಡಕ್ಕೆ ಚೆನ್ನಾಗಿ ಬದಲಾಗುತ್ತದೆ, ಎರಡರಿಂದ ಮೂರಕ್ಕೆ ಹೋಗುವಾಗ ಡ್ರೈವಿಂಗ್ ರಿಂಗ್ (ಆ್ಯಕ್ಸಲ್‌ನ ಮೇಲೆ ಸರಿದು ಬೇಕಾದ ಗಿಯರನ್ನು ಹಿಡಿಯುವ ಉಂಗುರ) ಅರ್ಧದಲ್ಲೇ ನಿಂತು ಎರಡು ಗಿಯರುಗಳೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಐದು ಸಲ ಬಿಚ್ಚಿ ಕಟ್ಟಿದ್ದೇನೆ. ಗಿಯರ್ ಬದಲಿಸುವ ತೋಳನ್ನು ಅರ್ಧ ರಂಧ್ರದಷ್ಟು, ಅಂದರೆ 4 ಮಿಲಿಮೀಟರ್, ಹಿಂದಕ್ಕೆ ಸರಿಸಿದರೆ ಸರಿಹೋಗಬಹುದೆಂದು ತೋರುತ್ತದೆ. ಅದಕ್ಕೆ ಕ್ಯಾಬಿನ್ನಿನ ನೆಲವನ್ನು ಮತ್ತೊಮ್ಮೆ ಕೀಳಬೇಕು.