ವಿದ್ಯಾರ್ಥಿ ವಿನಿಮಯವೋ, ಅಧಿಕಾರಿ ತರಬೇತಿಯೋ?

ಎರಡರಲ್ಲೂ ಕಲಿಕೆ ಇದೆ, ರೀತಿ ಬೇರೆ. ಯುರೋಪಿನ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಶುರುವಾಗಿದ್ದು 1987ರಲ್ಲಿ. ಓದಲು ಹೋದವರು 2ರಿಂದ 12 ತಿಂಗಳು ಬೇರೆ ದೇಶದಲ್ಲಿ ಇರುತ್ತಾರೆ. ಅಲ್ಲಿ ಕ್ಲಾಸಿಗಿಂತ ಜಾಸ್ತಿ ಕಲಿಸುವುದು ಹಾಸ್ಟೆಲ್ ಅಡುಗೆಮನೆ. ಪಾತ್ರೆ ಯಾರು ತೊಳೆಯಬೇಕು ಅನ್ನೋ ಜಗಳವನ್ನು ಅರೆಬರೆ ಬರುವ ಭಾಷೆಯಲ್ಲಿ ಬಗೆಹರಿಸಬೇಕಲ್ವಾ? ಎದುರಿನವರ ಮಾತು ಪೂರ್ತಿ ಕೇಳುವ ತಾಳ್ಮೆ ಅಲ್ಲೇ ಬರುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಅಧಿಕಾರಿ ತರಬೇತಿಯ ಗುರಿ ನೇರ: ಕಾನೂನು, ಬಜೆಟ್, ಕಡತ ಬರೆಯುವುದು. ಫ್ರಾನ್ಸಿನಲ್ಲಿ 1945ರಲ್ಲಿ ಹುಟ್ಟಿದ ಹಿರಿಯ ಅಧಿಕಾರಿಗಳ ತರಬೇತಿ ಶಾಲೆ ಇಎನ್‌ಎ ತನ್ನ ಅಭ್ಯರ್ಥಿಗಳನ್ನು ಜಿಲ್ಲಾಡಳಿತಕ್ಕೂ ರಾಯಭಾರ ಕಚೇರಿಗೂ ಕಳಿಸಿ ಕೆಲಸ ಕಲಿಸುತ್ತಿತ್ತು.

ಇನ್ನೂ ಓದುತ್ತಿದ್ದರೆ ಸುಮ್ನೆ ಕೂರಬೇಡಿ, ವಿನಿಮಯಕ್ಕೆ ಅರ್ಜಿ ಹಾಕಿ. ತರಬೇತಿ ಕೆಲಸಕ್ಕೆ ಸೇರಿದ ಮೇಲೂ ಸಿಗುತ್ತದೆ. ಓದಿನ ವಿನಿಮಯಕ್ಕೆ ಮಾತ್ರ ಕಾಲೇಜಿನಲ್ಲಿ ಹೆಸರಿರಬೇಕು.