ಸೆಟ್ ಸಿಕ್ಕಾಗ: ಮೊದಲೇ ಬೆಟ್ ಮಾಡೋದಾ, ಸುಮ್ನೆ ಕೂರೋದಾ?

ಪೋಕರ್ ಆಟದ ಬಗೆಯಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಕೈಯಲ್ಲಿ ಜೋಡಿ ಇದ್ದಾಗ ಫ್ಲಾಪ್‌ನಲ್ಲೇ (ಮೇಜಿನ ಮೇಲೆ ಮೊದಲು ಬಿಚ್ಚಿಡುವ ಮೂರು ಎಲೆಗಳಲ್ಲಿ) ಅದೇ ಬಗೆಯ ಮೂರನೆಯ ಎಲೆ ಬಿದ್ದು ಸೆಟ್ ಆಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಹಾಗೆ ಬಿದ್ದಾಗ ತಕ್ಷಣ ಬೆಟ್ ಮಾಡಬೇಕು ಅನ್ನುವವರಿದ್ದಾರೆ. ಏನೂ ಇಲ್ಲದವರ ಹಾಗೆ ಚೆಕ್ ಮಾಡಿ (ಬೆಟ್ ಮಾಡದೆ ಸರದಿ ದಾಟಿಸಿ) ಕಾಯಬೇಕು ಅನ್ನುವವರೂ ಇದ್ದಾರೆ. ನಮ್ಮ ಗೆಳೆಯರ ಮೇಜಿನಲ್ಲಿ ಎರಡನ್ನೂ ಆಡಿ ನೋಡಿದ್ದೇನೆ. (ದುಡ್ಡಿನ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ತಂದು ನಿಷೇಧಿಸಿದೆ. ನಮ್ಮದು ಮನೆಯ ಆಟ, ಬರೀ ಚಿಪ್ಸ್. ಸೋತವನು ಟೀ ಮಾಡಬೇಕು, ಅಷ್ಟೇ.)

ನನ್ನ ಓಟು ಬೆಟ್‌ಗೆ. ಕಾರಣ ಧೈರ್ಯ ಅಲ್ಲ, ಲೆಕ್ಕ.

ಪಾಟ್‌ನಲ್ಲಿ (ನಡುವೆ ಸೇರಿದ ಪಣದಲ್ಲಿ) 100 ಚಿಪ್ಸ್ ಇದೆ ಅಂದುಕೊಳ್ಳಿ. ಫ್ಲಾಪ್, ಟರ್ನ್ (ನಾಲ್ಕನೆಯ ಎಲೆ), ರಿವರ್ (ಐದನೆಯ ಎಲೆ) ಮೂರರಲ್ಲೂ ಪಾಟ್‌ನ ಅರ್ಧದಷ್ಟು ಬೆಟ್ ಮಾಡುತ್ತೀರಿ, ಎದುರಿನವನು ಮೂರಕ್ಕೂ ಕಾಲ್ ಮಾಡುತ್ತಾನೆ, ಅಂದರೆ ಅಷ್ಟೇ ಚಿಪ್ಸ್ ಹಾಕುತ್ತಾನೆ. 50, 100, 200. ಅವನ ಕಡೆಯಿಂದ ಒಟ್ಟು 350 ಬಂತು. ಫ್ಲಾಪ್‌ನಲ್ಲಿ ಚೆಕ್ ಮಾಡಿ ಆಮೇಲೆ ಶುರು ಮಾಡಿದರೆ 50, 100. ಬರೀ 150! ಬಿಟ್ಟದ್ದು 50ರ ಬೆಟ್, ಕೈತಪ್ಪಿದ್ದು 200. ಪೂರ್ತಿ ಪಾಟ್‌ನಷ್ಟು ಬೆಟ್ ಮಾಡುವವರಿಗಂತೂ ಈ ಅಂತರ 1,300 ಮತ್ತು 400.

ಇನ್ನು ಬಿದ್ದ ಎಲೆಗಳನ್ನು ನೋಡಿ. ನನ್ನ ಕೈಯಲ್ಲಿ ಎರಡು ಎಂಟು. ಫ್ಲಾಪ್‌ನಲ್ಲಿ ಹಾರ್ಟ್ಸ್ ಎಂಟು, ಹಾರ್ಟ್ಸ್ ಒಂಬತ್ತು, ಸ್ಪೇಡ್ ಗುಲಾಮ. ಎರಡು ಹಾರ್ಟ್ಸ್ ಹಿಡಿದವನಿಗೆ ಮುಂದಿನ ಎಲೆಯಲ್ಲೇ ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗುವ ಸಾಧ್ಯತೆ ಶೇ 19. ಚೆಕ್ ಮಾಡಿದರೆ ಅವನು ಅದನ್ನು ಪುಕ್ಕಟೆ ನೋಡುತ್ತಾನೆ. ಪಾಟ್‌ನ ಮೂರನೇ ಒಂದು ಭಾಗ ಹಾಕಿದರೂ ಅವನಿಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ, ಯಾಕೆಂದರೆ ಆ ಬೆಲೆಗೆ ನಷ್ಟವಾಗದಿರಲು ಬೇಕಾದ ಗೆಲುವಿನ ಸಾಧ್ಯತೆ ಶೇ 20 ಮಾತ್ರ. ಮೂರನೇ ಎರಡು ಭಾಗ ಹಾಕಿದರೆ ಶೇ 28ಕ್ಕೂ ಜಾಸ್ತಿ ಬೇಕು. ಹಾಗಾಗಿ ನಾನು ಇಲ್ಲಿ ಅಷ್ಟು ಹಾಕುತ್ತೇನೆ.

ಜನ ಮರೆಯುವ ಇನ್ನೊಂದು ವಿಷಯ ಇದೆ. ಟರ್ನ್‌ನಲ್ಲಿ ಒಂದು ಹತ್ತು ಬಿತ್ತು ಅನ್ನಿ. ರಾಣಿ ಇದ್ದವನಿಗೂ ಸ್ಟ್ರೇಟ್ (ಸಾಲಾಗಿ ಐದು ಎಲೆ), ಏಳು ಇದ್ದವನಿಗೂ ಸ್ಟ್ರೇಟ್. ನಾವು ಸೋಲಬಹುದು, ಅದಿರಲಿ. ಫ್ಲಾಪ್‌ನಲ್ಲಿ ಖುಷಿಯಾಗಿ ಕಾಲ್ ಮಾಡುತ್ತಿದ್ದ ಗುಲಾಮದ ಜೋಡಿಯವನೂ ಈಗ ಹೆದರಿ ಎಲೆ ಎಸೆಯುತ್ತಾನೆ. ಕಾದದ್ದಕ್ಕೆ ಕವಡೆಯೂ ಸಿಗುವುದಿಲ್ಲ.

ಹಾಗಾದರೆ ಸುಮ್ನೆ ಕೂರುವ ಆಟಕ್ಕೆ ಇಷ್ಟು ಹೆಸರು ಯಾಕೆ? 1988ರ ಪೋಕರ್ ವರ್ಲ್ಡ್ ಸೀರೀಸ್ ಫೈನಲ್‌ನ ಕೊನೆಯ ಕೈಯಲ್ಲಿ ಜಾನಿ ಚಾನ್‌ಗೆ ಫ್ಲಾಪ್‌ನಲ್ಲೇ ಸ್ಟ್ರೇಟ್ ಆಗಿತ್ತು. ಅದನ್ನು ತೋರಗೊಡದೆ ಕಾದರು. ಎರಿಕ್ ಸೈಡೆಲ್ ರಾಣಿಯ ಜೋಡಿ ನಂಬಿ ರಿವರ್‌ನಲ್ಲಿ ಎಲ್ಲ ಚಿಪ್ಸ್ ಮುಂದಕ್ಕೆ ತಳ್ಳಿದರು. ಆ ಕೈ ನೋಡಿದವರಿಗೆಲ್ಲ ಹಾಗೇ ಆಡುವ ಆಸೆ. ಆದರೆ ಅಲ್ಲಿ ಇದ್ದದ್ದು ಇಬ್ಬರೇ, ಅಲ್ವಾ? ನಮ್ಮ ಮೇಜಿನಲ್ಲಿ ಆರು ಜನ. ಎರಡು ಎಕ್ಕ ಬಂದರೂ ಒಬ್ಬನ ಎದುರು ಗೆಲ್ಲುವ ಸಾಧ್ಯತೆ ಶೇ 85 ಇದ್ದದ್ದು, ನಾಲ್ವರು ಒಳಗೆ ಬಂದರೆ ಶೇ 56ಕ್ಕೆ ಇಳಿಯುತ್ತದೆ. ಎಕ್ಕ ಹಿಡಿದು ರೈಸ್ ಮಾಡದೆ (ಪಣ ಏರಿಸದೆ) ಎಲ್ಲರನ್ನೂ ಒಳಗೆ ಬಿಡುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಎದುರಿಗೆ ಯಾರಿದ್ದಾರೆ ಅನ್ನುವುದೂ ಮುಖ್ಯ. ನಮ್ಮಲ್ಲೊಬ್ಬ ‘ನೋಡೇಬಿಡೋಣ’ ಅಂತ ಎಲ್ಲದಕ್ಕೂ ಕಾಲ್ ಮಾಡುತ್ತಾನೆ. ಅವನ ಹತ್ತಿರ ನಾಟಕವೇ ಬೇಡ, ದೊಡ್ಡ ಬೆಟ್ ಸಾಕು. ಇನ್ನೊಬ್ಬ ಯಾರಾದರೂ ಚೆಕ್ ಅಂದ ಕೂಡಲೇ ಕೈ ತಡೆಯಲಾರದೆ ಬೆಟ್ ಮಾಡುತ್ತಾನೆ. ಅವನಿಗೆ ಚೆಕ್ ಕೊಟ್ಟು, ಬೆಟ್ ಬಂದ ಮೇಲೆ ರೈಸ್ ಮಾಡುವುದು ಲಾಭ. ಉಳಿದವರ ಎದುರು ಇದೇ ಚೆಕ್-ರೈಸ್ ಆಡಿದರೆ ಎಲ್ಲರೂ ಚೆಕ್ ಮಾಡಿಬಿಡುತ್ತಾರೆ. ಜೊತೆಗೆ ನನ್ನ ಗೆಳೆಯರು ನನ್ನನ್ನು ಓದಿಬಿಟ್ಟಿದ್ದಾರೆ: ‘ಏನೋ, ಇಷ್ಟು ಸುಮ್ನೆ ಕೂತಿದ್ದೀಯ?’ ಅಂತ ನಕ್ಕು ಎಲೆ ಮಡಚುತ್ತಾರೆ.

ರಾಜ, ಎಂಟು, ಎರಡು, ಮೂರೂ ಬೇರೆ ಬೇರೆ ಗುರುತು, ಅಂಥ ಒಣ (ಫ್ಲಶ್, ಸ್ಟ್ರೇಟ್ ಭಯವಿಲ್ಲದ) ಫ್ಲಾಪ್‌ನಲ್ಲೂ ನಾನು ಬೆಟ್ ಮಾಡುತ್ತೇನೆ, ಆದರೆ ಪಾಟ್‌ನ ಮೂರನೇ ಒಂದು ಭಾಗ ಮಾತ್ರ. ರಾಜ ಇದ್ದವನು ಹೇಗೂ ಬಿಡುವುದಿಲ್ಲ. ಚೆಕ್ ಅಂದ ಕೂಡಲೇ ಬೆಟ್ ಮಾಡುವ ಆ ಗೆಳೆಯನ ಮಾತು ಬಿಟ್ಟರೆ, ನಾನು ಬೇಕೆಂದೇ ಚೆಕ್ ಮಾಡುವ ಫ್ಲಾಪ್ ಒಂದೇ: ಕೈಯಲ್ಲಿ ಎರಡು ರಾಜ, ಕೆಳಗೆ ರಾಜ, ಏಳು, ಏಳು. ಆಗ ಬೇರೆಯವರಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಟರ್ನ್‌ನಲ್ಲಿ ಅವರಿಗೊಂದು ಜೋಡಿ ಆಗಲಿ ಅಂತ ಬಿಟ್ಟು, ಅಲ್ಲಿಂದ ಬೆಟ್ ಶುರು ಮಾಡುತ್ತೇನೆ.